ಬೆಳಿಗ್ಗೆ ನೆಟ್ಟಗಿರುವ ಪಾದ ಸಂಜೆಗೆ ತಿರುಚಿಕೊಳ್ಳುವುದು ಯಾಕೆ? ಒಂದು ಕಿಣ್ವದ ಬಗ್ಗೆ ತಿಳಿದವರು ಹೇಳಿ

ಭಟ್ಟಿಮನೆ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದು ಮಂಡಕ್ಕಿ ಭಟ್ಟಿ, ಅಪ್ಪನ ಕಾಲದ್ದು. ನನ್ನ ಓದು ಪಿಯುಸಿ ಸೈನ್ಸ್‌ಗೇ ನಿಂತಿತು. ಮಗಳ ರಿಪೋರ್ಟಿನಲ್ಲಿರುವ ಒಂದು ಕಿಣ್ವದ ಹೆಸರು ಒಂದು ತಿಂಗಳಿಂದ ತಲೆ ಕೊರೀತಿದೆ. ತಿಳಿದವರು ಬಿಡಿಸಿ ಹೇಳಿದರೆ ದೊಡ್ಡ ಉಪಕಾರ. ಸ್ವಲ್ಪ ಉದ್ದ ಆಗುತ್ತೆ. ಮೊದಲಿಂದ ಹೇಳದಿದ್ದರೆ ನನ್ನ ಪ್ರಶ್ನೆ ಅರ್ಥ ಆಗಲ್ಲ.

ದೊಡ್ಡ ಮಗಳಿಗೆ ಈಗ ಹನ್ನೆರಡು ವರ್ಷ. ಐದೂವರೆ ಇದ್ದಾಗ ಎಡ ಪಾದ ಒಳಕ್ಕೆ ತಿರುಗೋಕೆ ಶುರುವಾಯಿತು. ನಮಗೆ ಮೊದಲು ಗೊತ್ತಾದದ್ದು ಶೂನಿಂದ. ಶಾಲೆ ಶುರುವಾಗಿ ಎರಡು ತಿಂಗಳಿಗೇ ಎಡ ಶೂನ ತುದಿ ಮತ್ತು ಹೊರಗಡೆ ಅಂಚು ಸವೆದು ಒಳಗಿನ ಬಟ್ಟೆ ಕಾಣ್ತಿತ್ತು. ಬಲದ್ದು ಅಂಗಡಿಯಿಂದ ತಂದ ಹಾಗೇ ಇತ್ತು. ಜಯದೇವ ಸರ್ಕಲ್ ಕಡೆ ಕೂತು ಚಪ್ಪಲಿ ಹೊಲಿಯುವ ಅಜ್ಜ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಕೂಸು ಈ ಕಾಲು ಎಳಿತೈತೇನಪಾ?" ಅಂದ. ಆಮೇಲೆ ಡಾಕ್ಟರ ಹತ್ತಿರ ಹೋದದ್ದು.

ಬೆಳಿಗ್ಗೆ ಎದ್ದಾಗ ಅವಳು ಎಲ್ಲ ಮಕ್ಕಳ ಹಾಗೇ ಓಡ್ತಿದ್ದಳು. ಮಧ್ಯಾಹ್ನದ ಊಟದ ಹೊತ್ತಿಗೆ ಪಾದ ಬಿಗಿ. ಸಂಜೆ ನಾಲ್ಕೂವರೆಗೆ ಶಾಲೆಯ ಆಟೋ ಬಂದರೆ ಡ್ರೈವರ್ ಎತ್ತಿಕೊಂಡು ಮೆಟ್ಟಿಲ ಮೇಲೆ ಇಳಿಸಿ ಹೋಗ್ತಿದ್ದ. ಮನೆಯೊಳಗೆ ನಡೆದರೆ ಒಂದು ಕಾಲು ಟಪ್ ಅನ್ನೋದು, ಇನ್ನೊಂದು ಸರ್ ಅಂತ ನೆಲ ಸವರೋದು. ಒಂದು ತಾಸು ಮಲಗಿ ಎದ್ದರೆ ಮತ್ತೆ ಅರ್ಧ ಸರಿ. ನನ್ನ ಹೆಂಡತಿ ಇದನ್ನು ಹೋದ ಕಡೆಯೆಲ್ಲ ಹೇಳಿದಳು, "ನಿದ್ದೆ ಮಾಡಿದ್ರೆ ಸರಿ ಹೋಗುತ್ತೆ ಡಾಕ್ಟ್ರೇ" ಅಂತ. ನಮ್ಮ ಅಪಾಯಿಂಟ್‌ಮೆಂಟ್ ಯಾವಾಗಲೂ ಬೆಳಿಗ್ಗೆ ಹನ್ನೊಂದಕ್ಕೆ. ಒಂದು ಆಸ್ಪತ್ರೆಯಲ್ಲಿ ಫೈಲಿನ ಮೇಲೆ ಸೆರೆಬ್ರಲ್ ಪಾಲ್ಸಿ ಅಂತ ಬರೆದರು, ಅಂದರೆ ಹುಟ್ಟುವ ಹೊತ್ತಿನಲ್ಲಿ ಮೆದುಳಿಗೆ ಪೆಟ್ಟಾಗಿದೆ ಅಂತ. ಹುಟ್ಟಿದ ತಕ್ಷಣ ಅತ್ತ ಮಗು, ಎಂಆರ್‌ಐ ನಾರ್ಮಲ್, ಆದರೂ ಆ ಎರಡು ಪದ ಆರು ವರ್ಷ ಅಳಿಸಲಿಲ್ಲ. ಕಾಲಿಗೆ ಪಟ್ಟಿ, ರಾತ್ರಿ ಸ್ಪ್ಲಿಂಟ್, ದಿನಾ ವ್ಯಾಯಾಮ. ಹತ್ತನೇ ವರ್ಷಕ್ಕೆ ಹಿಮ್ಮಡಿಯ ಸ್ನಾಯುರಜ್ಜು ಉದ್ದ ಮಾಡುವ ಆಪರೇಷನ್ ಅಂದರು. ದುಡ್ಡು ಹೊಂದಿಸೋದು ತಡವಾಯಿತು. ಆ ತಡವೇ ಒಳ್ಳೇದಾಯಿತು ಅಂತ ಈಗ ಅನಿಸುತ್ತೆ.

ಹೋದ ವರ್ಷ ಬೆಂಗಳೂರಿನಲ್ಲಿ ಮಕ್ಕಳ ನರರೋಗದ ಡಾಕ್ಟರೊಬ್ಬರು ಫೈಲನ್ನು ಪಕ್ಕಕ್ಕಿಟ್ಟು ಕೇಳಿದ ಮೊದಲ ಪ್ರಶ್ನೆ, "ಬೆಳಿಗ್ಗೆ ಹೇಗಿರ್ತಾಳೆ, ಸಂಜೆ ಹೇಗಿರ್ತಾಳೆ?" ನನ್ನ ಹೆಂಡತಿ ಅಲ್ಲೇ ಅತ್ತುಬಿಟ್ಟಳು. ಅವರು ಲೆವೊಡೋಪಾ ಮಾತ್ರೆ ಬರೆದುಕೊಟ್ಟರು, ಕಾಲು ಭಾಗ ಮಾತ್ರ.

ನಾಲ್ಕನೇ ದಿನ ಸಂಜೆ ನಾನು ಭಟ್ಟಿಯಲ್ಲಿದ್ದೆ. ಹೆಂಡತಿ ಫೋನ್ ಮಾಡಿದಳು, ಮಾತಾಡಲಿಲ್ಲ. "ಕೇಳ್ರಿ" ಅಂತ ಫೋನ್ ನೆಲಕ್ಕೆ ಹಿಡಿದಳು. ಟಪ್, ಟಪ್, ಟಪ್. ಎರಡೂ ಕಾಲಿನ ಸದ್ದು ಒಂದೇ ಥರ.

ಆಮೇಲೆ ಪರೀಕ್ಷೆಗಳಾದವು. ಬೆನ್ನುಹುರಿಯ ನೀರಿನಲ್ಲಿ ನಿಯಾಪ್ಟೆರಿನ್, ಬಯಾಪ್ಟೆರಿನ್ ಎರಡೂ ಕಡಿಮೆ. ಜೀನ್ ಪರೀಕ್ಷೆಯಲ್ಲಿ ಜಿಸಿಎಚ್1 ಅನ್ನೋ ಜೀನಿನ ಎರಡು ಪ್ರತಿಯಲ್ಲಿ ಒಂದು ಕೆಟ್ಟಿದೆ. ಅದು ಜಿಟಿಪಿ ಸೈಕ್ಲೋಹೈಡ್ರೊಲೇಸ್ ಅನ್ನೋ ಕಿಣ್ವವನ್ನು ಮಾಡಿಸುತ್ತಂತೆ. ನಮ್ಮಿಬ್ಬರ ರಕ್ತವನ್ನೂ ತಗೊಂಡರು. ಆ ಕೆಟ್ಟ ಪ್ರತಿ ಬಂದಿರೋದು ನನ್ನಿಂದ. ನನಗೆ ಏನೂ ತೊಂದರೆ ಇಲ್ಲ, ದಿನಾ ಹನ್ನೆರಡು ತಾಸು ನಿಂತೇ ಕೆಲಸ ಮಾಡ್ತೀನಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮಗಳ ಕಾಲು ಹಾಗಾದಾಗಿನಿಂದ ನಮ್ಮ ಅಮ್ಮ ಅಂದದ್ದು ಒಂದೇ, ಬಸುರಿ ಇದ್ದಾಗ ಗ್ರಹಣದ ದಿನ ಸೊಸೆ ಹೊರಗೆ ಬಂದಿದ್ದಳು ಅಂತ. ಬಂದ ನೆಂಟರಿಗೆಲ್ಲ ಅದನ್ನೇ ಹೇಳಿದರು. ನನ್ನ ಹೆಂಡತಿ ಆರು ವರ್ಷ ಅದನ್ನು ಕೇಳಿಸಿಕೊಂಡಳು, ನಾನೂ ಬಾಯಿ ಬಿಡಲಿಲ್ಲ. ರಿಪೋರ್ಟ್ ಬಂದ ರಾತ್ರಿ ಅವಳಿಗೆ ಓದಿ ಹೇಳಿದೆ. ಮಡಿಚಿ ಬೀರುವಿನಲ್ಲಿಟ್ಟು, "ಅತ್ತೆಗೆ ಹೇಳಬೇಡ್ರಿ, ಈ ವಯಸ್ಸಿನಾಗ ಯಾಕ" ಅಂದಳು.

ಆದರೆ ಅಮ್ಮನ ಬಗ್ಗೆಯೇ ನನಗೆ ಅನುಮಾನ. ನನಗೆ ತಿಳಿವಳಿಕೆ ಬಂದಾಗಿನಿಂದ ಅಮ್ಮ ರಾತ್ರಿಯ ರೊಟ್ಟಿ ನಿಂತು ಬಡಿದದ್ದಿಲ್ಲ. ಎಡಗಾಲು ಮುಂದಕ್ಕೆ ಚಾಚಿ ನೆಲದ ಮೇಲೆ ಕೂತೇ ಬಡಿಯೋರು. ನೀರು ತರೋದು, ಬಟ್ಟೆ ಒಗೆಯೋದು ಎಲ್ಲ ಹನ್ನೆರಡರೊಳಗೆ ಮುಗಿಸೋರು. "ಸಂಜೆ ಆದ್ರೆ ನನ್ ಕಾಲು ನನ್ ಮಾತು ಕೇಳಲ್ಲ" ಅಂತಿದ್ದರು. ನಾವು ದಣಿವು ಅಂದುಕೊಂಡೆವು. ಈಗ ಅರವತ್ತೆಂಟು, ಎಡಗೈ ನಡುಗುತ್ತೆ.

ನನಗೆ ತಿಳಿಯಬೇಕಾದ್ದು: ಎರಡು ಪ್ರತಿಯಲ್ಲಿ ಒಂದು ಚೆನ್ನಾಗಿದ್ದರೆ ಅರ್ಧ ಕೆಲಸವಾದರೂ ಆಗಬೇಕಲ್ಲ, ಅರ್ಧ ಸಾಲಲ್ವಾ? ನನಗೆ ಸಾಕಾದದ್ದು ಅವಳಿಗೆ ಯಾಕೆ ಸಾಲಲಿಲ್ಲ? ಇನ್ನೊಂದು, ಈ ಕಿಣ್ವಕ್ಕೆ ಒಂದು ಬ್ರೇಕ್ ಇದೆ, ಫಿನೈಲ್‌ಅಲನಿನ್ ಅನ್ನೋದು ಆ ಬ್ರೇಕ್ ಬಿಡಿಸುತ್ತೆ ಅಂತ ಓದಿದೆ. ಅದೊಂದು ಅಮೈನೋ ಆಮ್ಲ, ಹಾಲು ಮೊಟ್ಟೆಯ ಪ್ರೋಟೀನಿನಲ್ಲಿ ಇರುತ್ತಂತೆ. ಜಾಸ್ತಿ ಕೊಟ್ಟರೆ ಮಾತ್ರೆ ಬಿಡಿಸಬಹುದಾ? ಮತ್ತೆ ಅಮ್ಮನಿಗೂ ಇದೇ ಇರಬಹುದಾ? ನಾಲ್ಕು ವರ್ಷದ ಚಿಕ್ಕ ಮಗಳೂ ಇದ್ದಾಳೆ.

ದುರ್ಗದ_ಜೀವರಸಾಯನ

ಅಣ್ಣಾ, ನಾನು ಡಾಕ್ಟರಲ್ಲ. ಚಿತ್ರದುರ್ಗದಲ್ಲಿ ಕಾಲೇಜು ಮಕ್ಕಳಿಗೆ ಜೀವರಸಾಯನ ಕಲಿಸ್ತೀನಿ. ನೀವು ಕೇಳಿದ ಕಿಣ್ವದ ಪಾಠ ಪ್ರತಿ ವರ್ಷ ಮಾಡ್ತೀನಿ, ಬಾಣದ ಗುರುತು ಹಾಕಿ ಹತ್ತು ನಿಮಿಷದಲ್ಲಿ ಮುಗಿಸ್ತೀನಿ. ನಿಮ್ಮ ಹೆಂಡತಿ ಫೋನನ್ನು ನೆಲಕ್ಕೆ ಹಿಡಿದದ್ದನ್ನು ಓದಿದ ಮೇಲೆ ಇನ್ನು ಹಾಗೆ ಮುಗಿಸೋಕೆ ನನ್ನಿಂದ ಆಗಲ್ಲ.

ನಿಮ್ಮ ಭಟ್ಟಿಯಿಂದಲೇ ಹೇಳ್ತೀನಿ. ನಮ್ಮ ಅಜ್ಜಿಯ ಊರು ದಾವಣಗೆರೆ, ರಜೆಗೆ ಬಂದಾಗ ಭಟ್ಟಿ ಮುಂದೆ ನಿಂತು ನೋಡ್ತಿದ್ದೆ. ಬಾಣಲೆಯಲ್ಲಿ ಮರಳು ಕಾಯ್ತಿರುತ್ತೆ. ಉಪ್ಪುನೀರು ಹಚ್ಚಿದ ಅಕ್ಕಿ ಸುರಿದರೆ ಮರಳು ಅದಕ್ಕೆ ತನ್ನ ಶಾಖ ಕೊಡುತ್ತೆ, ಅಕ್ಕಿ ಅರಳುತ್ತೆ. ಜರಡಿ ಹಿಡಿದರೆ ಮಂಡಕ್ಕಿ ಮೇಲೆ, ಮರಳು ಕೆಳಗೆ. ಆ ಮರಳು ಮತ್ತೆ ಬಾಣಲೆಗೆ, ಮತ್ತೆ ಕಾಯಬೇಕು. ಮಂಡಕ್ಕಿಯೊಳಗೆ ಮರಳಿರಲ್ಲ, ಆದರೆ ಮರಳಿಲ್ಲದೆ ಮಂಡಕ್ಕಿಯೂ ಇಲ್ಲ. ಕಿಣ್ವದ ಕೆಲಸಕ್ಕೆ ನೆರವಾಗುವ ಕೋಫ್ಯಾಕ್ಟರ್ ಅಂದರೆ ಇದೇ.

ಮೆದುಳಿನಲ್ಲಿ ಅಕ್ಕಿಯ ಜಾಗದಲ್ಲಿ ಇರೋದು ಟೈರೋಸಿನ್, ಬೇಳೆ ಹಾಲಿನಿಂದ ಬರುವ ಅಮೈನೋ ಆಮ್ಲ. ಅದನ್ನು ಎಲ್-ಡೋಪಾ ಮಾಡುವ ಕಿಣ್ವ ಟೈರೋಸಿನ್ ಹೈಡ್ರಾಕ್ಸಿಲೇಸ್. ಆ ಕಿಣ್ವಕ್ಕೆ ಬೇಕಾದ ಬಿಸಿ ಮರಳು ಟೆಟ್ರಾಹೈಡ್ರೋಬಯಾಪ್ಟೆರಿನ್, ಬಾಯಿಗೆ ಸುಲಭವಾಗಲಿ ಅಂತ ಬಿಎಚ್4 ಅಂತೀವಿ. ಕೆಲಸ ಮಾಡಿದ ಬಿಎಚ್4 ತಣ್ಣಗಾದ ಮರಳಿದ್ದ ಹಾಗೆ, ಅದನ್ನು ಮತ್ತೆ ಕಾಯಿಸೋದು ಡೈಹೈಡ್ರೋಪ್ಟೆರಿಡಿನ್ ರಿಡಕ್ಟೇಸ್ ಅನ್ನೋ ಬೇರೆ ಕಿಣ್ವ. ಭಟ್ಟಿಗೆ ಹೊಸ ಮರಳು ತಂದು ಹಾಕುವ ಕೆಲಸ ಮೂರು ಕಿಣ್ವಗಳದ್ದು. ಮೊದಲನೆಯದು, ಉಳಿದವುಗಳ ವೇಗವನ್ನೂ ತಾನೇ ಗೊತ್ತು ಮಾಡುವಂಥದ್ದು, ನಿಮ್ಮ ರಿಪೋರ್ಟಿನಲ್ಲಿರುವ ಜಿಟಿಪಿ ಸೈಕ್ಲೋಹೈಡ್ರೊಲೇಸ್. ಆ ಮೊದಲ ಹೆಜ್ಜೆಯಲ್ಲಿ ಹುಟ್ಟುವ ವಸ್ತುವಿನ ಸುಳಿವೇ ನಿಯಾಪ್ಟೆರಿನ್, ಕೊನೆಗೆ ಆಗುವ ಬಿಎಚ್4ನ ಸುಳಿವು ಬಯಾಪ್ಟೆರಿನ್. ಮಗಳಿಗೆ ಅದೂ ಕಡಿಮೆ, ಬಯಾಪ್ಟೆರಿನ್ನೂ ಕಡಿಮೆ. ಅಂದರೆ ಮರಳಿನ ಗಾಡಿ ಹೊರಡುವ ಜಾಗದಲ್ಲೇ ತಡೆ ಇದೆ.

ಲೆವೊಡೋಪಾ ಅಂದರೂ ಎಲ್-ಡೋಪಾ ಅಂದರೂ ಒಂದೇ. ಮಾತ್ರೆ ಏನು ಮಾಡುತ್ತೆ ಅಂದರೆ ಎಲ್-ಡೋಪಾವನ್ನೇ ಹೊರಗಿಂದ ತಂದು ಕೊಡುತ್ತೆ, ಅರಳಿದ ಮಂಡಕ್ಕಿಯನ್ನೇ ಕೊಂಡು ತಂದ ಹಾಗೆ. ಅದನ್ನು ಡೋಪಮಿನ್, ಅಂದರೆ ಕೈಕಾಲು ಸರಿಯಾಗಿ ಆಡಿಸೋಕೆ ಮೆದುಳು ಬಳಸುವ ರಾಸಾಯನಿಕ, ಮಾಡೋದು ಒಗ್ಗರಣೆ ಹಾಕುವ ಕೆಲಸ, ಅದಕ್ಕೆ ಬಿಎಚ್4 ಬೇಡ, ಬಿ6 ವಿಟಮಿನ್ನಿನಿಂದಾಗುವ ಬೇರೆ ಕೋಫ್ಯಾಕ್ಟರ್ ಸಾಕು. ಆ ಕೈ ನಿಮ್ಮ ಮಗಳಲ್ಲಿ ಚೆನ್ನಾಗಿದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮಿನ್ ಮಾಡುವ ಜೀವಕೋಶಗಳೇ ಸಾಯ್ತವೆ. ಇವಳ ಜೀವಕೋಶಗಳು ಬದುಕಿವೆ, ಸಾಮಾನು ಇಲ್ಲದೆ ಕೈ ಕಟ್ಟಿ ಕೂತಿದ್ದವು, ಅಷ್ಟೇ. ಅದಕ್ಕೇ ಕಾಲು ಮಾತ್ರೆಗೆ ನಾಲ್ಕು ದಿನದಲ್ಲಿ ಪಾದ ನೆಟ್ಟಗಾಯಿತು.

ಅರ್ಧ ಸಾಲಲ್ವಾ ಅಂದಿರಿ. ತುಂಬ ಸರಿಯಾದ ಪ್ರಶ್ನೆ. ಈ ಕಿಣ್ವ ಒಂಟಿಯಾಗಿ ಕೆಲಸ ಮಾಡಲ್ಲ. ಒಂದೇ ಥರದ ಹತ್ತು ತುಂಡು ಸೇರಿ, ಐದೈದರ ಎರಡು ಬಳೆಯಾಗಿ ಒಂದರ ಮೇಲೊಂದು ಕೂತರೆ ಆಗ ಕಿಣ್ವ. ಕೆಟ್ಟ ಪ್ರತಿಯಿಂದ ಬಂದ ತುಂಡುಗಳು ಒಳ್ಳೆಯವುಗಳ ಜೊತೆ ಬೆರೀತವೆ. ಅರ್ಧಕ್ಕರ್ಧ ಇದ್ದು ಕಣ್ಣು ಮುಚ್ಚಿ ಹತ್ತು ತುಂಡು ಆರಿಸಿದರೆ ಹತ್ತೂ ಒಳ್ಳೆಯವೇ ಬರೋದು 1,024ಕ್ಕೆ ಒಂದು ಸಲ. ಹತ್ತು ಜನ ಎತ್ತುವ ಕಲ್ಲಿಗೆ ಐದು ಜನರ ಭುಜ ಸೋತರೆ ಕಲ್ಲು ಅರ್ಧ ಏಳಲ್ಲ, ಏಳೋದೇ ಇಲ್ಲ. ಎಲ್ಲ ಬಗೆಯ ದೋಷದಲ್ಲೂ ಹೀಗೇ ಆಗುತ್ತೆ ಅಂತಲ್ಲ, ಕೆಲವು ಬಗೆಯಲ್ಲಿ ಹೀಗೆ. 1994ರಲ್ಲಿ ಜಪಾನಿನ ಸಂಶೋಧಕರು ಈ ಜೀನನ್ನು ಗುರುತಿಸಿದಾಗ, ರೋಗಿಗಳ ರಕ್ತಕಣಗಳಲ್ಲಿ ಈ ಕಿಣ್ವದ ಕೆಲಸ ಐವತ್ತಲ್ಲ, ನೂರಕ್ಕೆ ಇಪ್ಪತ್ತಕ್ಕಿಂತಲೂ ಕಡಿಮೆ ಇತ್ತು. ಕಾಯಿಲೆಯನ್ನು ಅದಕ್ಕೂ ಮೊದಲೇ, 1971ರಲ್ಲಿ, ಮಸಾಯಾ ಸೆಗಾವ ಎಂಬ ಜಪಾನಿ ಮಕ್ಕಳ ವೈದ್ಯರು ವಿವರಿಸಿದ್ದರು. ಸೆಗಾವ ಕಾಯಿಲೆ ಅಂತಲೇ ಹೆಸರು. ಅವರು ಮೊದಲು ಎತ್ತಿ ಹೇಳಿದ್ದೇ ಬೆಳಿಗ್ಗೆ ಸಂಜೆಯ ಈ ವ್ಯತ್ಯಾಸ. ಹಗಲಿಡೀ ಡೋಪಮಿನ್ ಖರ್ಚು, ನಿದ್ದೆಯಲ್ಲಿ ಖರ್ಚು ಇಳಿದು ದಾಸ್ತಾನು ತುಂಬುತ್ತೆ. ನಿಮ್ಮ ಮನೆಯವರು ಆರು ವರ್ಷ ಹೇಳಿದ್ದು ಪುಸ್ತಕದಲ್ಲಿರುವ ಮೊದಲ ಲಕ್ಷಣ ಅಂತ ದಯವಿಟ್ಟು ಅವರಿಗೆ ಹೇಳಿ.

ನಿಮಗೆ ಯಾಕೆ ಬರಲಿಲ್ಲ? ಈ ಕಾಯಿಲೆ ಹೆಣ್ಣುಮಕ್ಕಳಲ್ಲಿ ಕಾಣಿಸಿಕೊಳ್ಳೋದು ಹೆಚ್ಚು, ಗಂಡಸರಿಗಿಂತ ಎರಡರಿಂದ ನಾಲ್ಕು ಪಟ್ಟು. ಅದೇ ದೋಷ ಹೊತ್ತ ಎಷ್ಟೋ ಗಂಡಸರು ಏನೂ ಆಗದೆ ಬದುಕ್ತಾರೆ. ಅಜ್ಜಿಯಿಂದ ಮಗನ ಮೂಲಕ ಮೊಮ್ಮಗಳಿಗೆ ಬರೋದು ಸಹಜವಾದ ದಾರಿ.

ಬ್ರೇಕ್ ವಿಷಯ ಓದಿದ್ದು ನಿಜ. ಬಿಎಚ್4 ಸಾಕಷ್ಟಾದರೆ ಜಿಎಫ್‌ಆರ್‌ಪಿ ಅನ್ನೋ ಪ್ರೋಟೀನು ಈ ಕಿಣ್ವಕ್ಕೆ ಅಂಟಿಕೊಂಡು ಕೆಲಸ ನಿಲ್ಲಿಸುತ್ತೆ. ಮರಳಿನ ರಾಶಿ ನೋಡಿ ಇವತ್ತಿಗೆ ಗಾಡಿ ಬೇಡ ಅನ್ನೋ ಮೇಸ್ತ್ರಿ. ಫಿನೈಲ್‌ಅಲನಿನ್ ಜಾಸ್ತಿ ಬಂದರೆ ಅದೇ ಮೇಸ್ತ್ರಿ ಗಾಡಿ ಹೊರಡಿಸು ಅಂತಾನೆ. ಇದು ಮುಖ್ಯವಾಗಿ ಯಕೃತ್ತಿಗೆ ಬೇಕಾದ ಏರ್ಪಾಡು. ಫಿನೈಲ್‌ಅಲನಿನ್ ಕರಗಿಸುವ ಕಿಣ್ವಕ್ಕೂ ಬಿಎಚ್4 ಬೇಕು, ಸೇಮೂರ್ ಕೌಫ್‌ಮನ್ 1963ರಲ್ಲಿ ಬಿಎಚ್4ನ ರಚನೆಯನ್ನು ಗುರುತಿಸಿದ್ದು ಆ ಕಿಣ್ವದ ಬೆನ್ನು ಹತ್ತಿಯೇ. ಇಲಿಗಳ ಮೆದುಳಿನಲ್ಲಿ ಹುಡುಕಿದಾಗ ಸೆರೊಟೋನಿನ್ ಅನ್ನೋ ಮೆದುಳಿನ ಇನ್ನೊಂದು ರಾಸಾಯನಿಕವನ್ನು ಮಾಡುವ ಜೀವಕೋಶದಲ್ಲಿ ಈ ಮೇಸ್ತ್ರಿ ಸಿಕ್ಕ, ಡೋಪಮಿನ್ ಮಾಡುವ ಜೀವಕೋಶದಲ್ಲಿ ಸಿಗಲಿಲ್ಲ. ಹಾಗಾಗಿ ಮೊಟ್ಟೆ ತಿನ್ನಿಸಿ ಆ ಜೀವಕೋಶಕ್ಕೆ ಹೇಳಿ ಕಳಿಸೋಕೆ ಆಗಲ್ಲ. ಮೇಲಾಗಿ ಊಟದ ಪ್ರೋಟೀನು ಮತ್ತು ಲೆವೊಡೋಪಾ ಕರುಳಿನಿಂದ ಒಳಗೆ ಹೋಗೋದು ಒಂದೇ ಬಾಗಿಲಲ್ಲಿ. ಮಾತ್ರೆಯ ಹೊತ್ತಿಗೇ ಹಾಲು ಮೊಟ್ಟೆ ಕೊಟ್ಟರೆ ಮಾತ್ರೆ ಹೊರಗೇ ಕಾಯುತ್ತೆ. ಬೆಳೆಯೋ ಮಗು, ಪ್ರೋಟೀನು ಬೇಕೇ ಬೇಕು, ಬೇರೆ ಹೊತ್ತಿನಲ್ಲಿ ಕೊಡಿ. ಎಷ್ಟು ಅಂತರ ಅನ್ನೋದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಆ ಬ್ರೇಕನ್ನೇ ಕಿತ್ತರೆ ಏನು ಅನ್ನಬೇಡಿ. ಬಿಎಚ್4 ಹೆಚ್ಚಾದರೂ ಕಷ್ಟವಿದೆ. ಪೆಟ್ಟು ತಿಂದ ನೋವಿನ ನರಗಳಲ್ಲಿ ಇದೇ ಕಿಣ್ವ ಏರಿ, ಬಿಎಚ್4 ಹೆಚ್ಚಾಗಿ, ನೋವು ಹಟ ಹಿಡಿದು ನಿಲ್ಲುತ್ತೆ ಅಂತ 2006ರಲ್ಲೇ ತೋರಿಸಿದ್ದಾರೆ. ದೇಹ ಅಳೆದು ಸುರಿಯೋದಕ್ಕೆ ಕಾರಣ ಇದೆ.

ಅಮ್ಮನ ವಿಷಯದಲ್ಲಿ ನಾನು ಏನಾಗಿದೆ ಅಂತ ಹೇಳಲಾರೆ. ಆದರೆ ಈ ಜೀನಿನ ದೋಷ ಕೆಲವರಲ್ಲಿ ವಯಸ್ಸಾದ ಮೇಲೆ ನಡುಕ, ನಿಧಾನಗತಿಯಾಗಿ ಕಾಣುತ್ತೆ, ಅವರಲ್ಲೂ ಮಾತ್ರೆ ಕೆಲಸ ಮಾಡುತ್ತೆ. ಹಾಗಿದ್ದ ಮೇಲೆ ಅವರಿಗೆ ಹೇಳದೆ ಇರೋದು ಸರಿಯಾ, ಯೋಚಿಸಿ. ಚಿಕ್ಕ ಮಗಳಿಗೆ ಬಂದಿರುವ ಸಾಧ್ಯತೆ ಎರಡಕ್ಕೆ ಒಂದು, ಅದನ್ನೂ ಡಾಕ್ಟರ ಹತ್ತಿರ ಕೇಳಿ.

ಹೊಳಲ್ಕೆರೆ_ಅಮ್ಮ

ಇಬ್ಬರೂ ಬರೆದದ್ದನ್ನು ಮೂರು ಸಲ ಓದಿದೆ. ನಿಯಾಪ್ಟೆರಿನ್ ಅನ್ನೋ ಪದ ಕನ್ನಡದಲ್ಲಿ ಬರೆದದ್ದು ನೋಡಿದ್ದು ಇದೇ ಮೊದಲು. ನನ್ನ ಮಗನ ರಿಪೋರ್ಟಿನಲ್ಲೂ ಆ ಎರಡು ಹೆಸರಿವೆ. ನಿಮ್ಮ ಮಗಳಿಗೆ ಎರಡೂ ಕಡಿಮೆ, ನನ್ನ ಮಗನಿಗೆ ನಿಯಾಪ್ಟೆರಿನ್ ತುಂಬ ಜಾಸ್ತಿ, ಬಯಾಪ್ಟೆರಿನ್ ಇಲ್ಲವೇ ಇಲ್ಲ ಅನ್ನುವಷ್ಟು. ಮೇಡಂ ಹೇಳಿದ ಮೂರು ಕಿಣ್ವದಲ್ಲಿ ಎರಡನೆಯದು ಅವನಿಗೆ ಕೆಟ್ಟಿದೆ, ಪಿಟಿಪಿಎಸ್ ಅಂತಾರೆ. ಗಾಡಿ ಹೊರಟು ದಾರಿಯಲ್ಲಿ ನಿಂತಿದೆ.

ಹುಟ್ಟಿದಾಗ ಹಿಮ್ಮಡಿಯ ರಕ್ತದಲ್ಲಿ ಫಿನೈಲ್‌ಅಲನಿನ್ ಜಾಸ್ತಿ ಬಂತು. ಪಿಕೆಯು ಅಂದರು, ಅದನ್ನು ಕರಗಿಸುವ ಕಿಣ್ವವೇ ಕೆಟ್ಟಿರುವ ಕಾಯಿಲೆ. ಬೇರೆ ಹಾಲಿನಪುಡಿ ಕೊಟ್ಟರು. ಒಂದು ತಿಂಗಳಲ್ಲಿ ರಕ್ತದ ಅಂಕಿ ಇಳಿಯಿತು, ಎಲ್ಲರೂ ಗೆದ್ದೆವು ಅಂದರು. ಐದು ತಿಂಗಳಾದರೂ ಕತ್ತು ನಿಲ್ಲಲಿಲ್ಲ. ಜೊಲ್ಲು ಸುರೀತಿತ್ತು, ಒಂದೊಂದು ಸಲ ಎರಡೂ ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲೋದು. ಫಿಟ್ಸ್ ಅಂತ ಔಷಧಿ ಕೊಟ್ಟರು. ಡೋಪಮಿನ್ ಇಲ್ಲದ್ದಕ್ಕೆ ಕಣ್ಣು ಹಾಗಾಗುತ್ತೆ ಅಂತ ಗೊತ್ತಾದದ್ದು ಹನ್ನೊಂದು ತಿಂಗಳಿಗೆ, ಬೆಂಗಳೂರಿನಲ್ಲಿ ಮೂತ್ರದ ಪರೀಕ್ಷೆ ಮಾಡಿಸಿದ ಮೇಲೆ. ಬಿಎಚ್4 ಇಲ್ಲದಿದ್ದರೆ ಫಿನೈಲ್‌ಅಲನಿನ್ ಕರಗಲ್ಲ, ಡೋಪಮಿನ್ನೂ ಆಗಲ್ಲ, ಸೆರೊಟೋನಿನ್ನೂ ಆಗಲ್ಲ. ಪಥ್ಯ ಮೊದಲನೆಯದನ್ನು ಮಾತ್ರ ಸರಿ ಮಾಡಿತು. ಈಗ ಲೆವೊಡೋಪಾ, ಸೆರೊಟೋನಿನ್ ಆಗಿ ಬದಲಾಗುವ 5-ಎಚ್‌ಟಿಪಿ, ಬಿಎಚ್4ನ ಮಾತ್ರೆ ಮೂರೂ ಕೊಡ್ತೀವಿ. ಬಿಎಚ್4 ಮೆದುಳಿಗೆ ಸರಿಯಾಗಿ ಇಳಿಯಲ್ಲವಂತೆ, ಅದಕ್ಕೇ ಉಳಿದ ಎರಡೂ ಬೇಕು. ಏಳು ವರ್ಷ ಅವನಿಗೆ. ಗೋಡೆ ಹಿಡಿದು ನಡೀತಾನೆ, ಹೆಸರು ಹಿಡಿದು ಕರೀತಾನೆ. ಮೊದಲ ತಿಂಗಳಿಗೇ ಗೊತ್ತಾಗಿದ್ದರೆ ಅನ್ನೋದು ನನ್ನ ಎದೆಯಲ್ಲಿ ಕೂತಿದೆ.

ಫಿನೈಲ್‌ಅಲನಿನ್ ಜಾಸ್ತಿ ಬಂದ ನೂರು ಮಕ್ಕಳಲ್ಲಿ ಒಂದಿಬ್ಬರಿಗೆ ಇರೋದು ನನ್ನ ಮಗನ ಥರದ ಕಾಯಿಲೆ. ಈ ಪುಟ ಓದುವ ಯಾರಿಗಾದರೂ ಹಸುಗೂಸಿನ ಆ ರಿಪೋರ್ಟ್ ಬಂದಿದ್ದರೆ, ನಿಯಾಪ್ಟೆರಿನ್, ಬಯಾಪ್ಟೆರಿನ್ ಅಳೆಯುವ ಪ್ಟೆರಿನ್ ಪರೀಕ್ಷೆಯೂ ಆಯಿತಾ ಅಂತ ಕೇಳಿ, ಬರೆಸಿಕೊಂಡು ಬನ್ನಿ.

ನಾನು ಸೋದರಮಾವನನ್ನು ಮದುವೆಯಾದವಳು. ನಮ್ಮಲ್ಲಿ ಇಬ್ಬರಿಂದಲೂ ಒಂದೊಂದು ಕೆಟ್ಟ ಪ್ರತಿ ಬಂದಿದೆ. ನಿಮ್ಮದು ಒಬ್ಬರಿಂದ ಬಂದರೆ ಸಾಕು. ನೀವು ಯಾರನ್ನು ಮದುವೆಯಾಗಿದ್ದರೂ ಇದು ಬರಬಹುದಿತ್ತು, ನಿಮ್ಮ ಮನೆಯವರನ್ನು ಗ್ರಹಣದ ದಿನ ಕೋಣೆಯಲ್ಲಿ ಕೂಡಿ ಹಾಕಿದ್ದರೂ ತಪ್ಪುತ್ತಿರಲಿಲ್ಲ. ಅಣ್ಣಾ, ನಿಮ್ಮ ಅಮ್ಮನಿಗೆ ಹೇಳಿ. ತಪ್ಪು ತೋರಿಸೋಕೆ ಅಲ್ಲ. ಅವರ ಕಾಲಿಗೆ ಔಷಧಿ ಇರಬಹುದು ಅನ್ನೋದಕ್ಕೆ.

ಹರಿಹರ_ರಸ್ತೆ

ನಸುಗುನ್ನಿ ಬೀಜದಲ್ಲಿ ಎಲ್-ಡೋಪಾ ಇದೆ ಅಂತಾರಲ್ಲ. ನಮ್ಮ ಹೊಲದ ಬೇಲಿಯಲ್ಲಿ ಬೇಕಾದಷ್ಟಿದೆ. ಇಂಗ್ಲಿಷ್ ಮಾತ್ರೆ ಜೀವನವಿಡೀ ಯಾಕೆ, ಅದನ್ನೇ ಹಾಲಲ್ಲಿ ಬೇಯಿಸಿ ಪುಡಿ ಮಾಡಿ ಕೊಡಬಹುದಲ್ಲ?

ದುರ್ಗದ_ಜೀವರಸಾಯನ

ನಸುಗುನ್ನಿಯಲ್ಲಿ ಎಲ್-ಡೋಪಾ ಇರೋದು ಸತ್ಯ, ನಮ್ಮ ಹಳೆಯ ವೈದ್ಯರು ಆ ಬೀಜವನ್ನು ಸುಮ್ಮನೆ ಬಳಸಿದವರಲ್ಲ. ಆದರೆ ಈ ಮಗುವಿಗೆ ಬೇಡ. ಒಂದು ಬೀಜದಲ್ಲಿ ಇದ್ದಷ್ಟು ಇನ್ನೊಂದರಲ್ಲಿ ಇರಲ್ಲ. ಇವಳಿಗೆ ಬೇಕಾದದ್ದು ಕಾಲು ಮಾತ್ರೆ, ಅಷ್ಟು ಸೂಕ್ಷ್ಮದ ಲೆಕ್ಕ. ಮಾತ್ರೆಯಲ್ಲಿ ಲೆವೊಡೋಪಾ ಜೊತೆ ಕಾರ್ಬಿಡೋಪಾ ಕೂಡ ಇರುತ್ತೆ. ಅದಿಲ್ಲದಿದ್ದರೆ ಹೆಚ್ಚಿನ ಪಾಲು ಮೆದುಳಿಗೆ ಮುಟ್ಟುವ ಮೊದಲೇ ಮೈಯಲ್ಲೇ ಡೋಪಮಿನ್ ಆಗಿಬಿಡುತ್ತೆ, ಹೊಟ್ಟೆ ತೊಳಸಿ ವಾಂತಿ ಬರುತ್ತೆ. ಈ ಕಾಯಿಲೆಯಲ್ಲಿ ಕಡಿಮೆ ಪ್ರಮಾಣದ ಮಾತ್ರೆ ದಶಕಗಟ್ಟಲೆ ಹಾಗೇ ಕೆಲಸ ಮಾಡಿಕೊಂಡು ಹೋಗುತ್ತೆ. ಇಂಥ ಭಾಗ್ಯ ನರರೋಗಗಳಲ್ಲಿ ತೀರಾ ಅಪರೂಪ. ಅದನ್ನು ಕದಲಿಸಬೇಡಿ.

ಹೊಳಲ್ಕೆರೆಯ ಅಮ್ಮಾ, ನೀವು ಬರೆದದ್ದನ್ನು ನನ್ನ ತರಗತಿಯಲ್ಲಿ ಹೆಸರು ಹೇಳದೆ ಓದಬಹುದಾ? ಅಲ್ಲಿ ಕೂರುವವರಲ್ಲಿ ಲ್ಯಾಬ್‌ಗೆ ಹೋಗುವವರಿದ್ದಾರೆ, ನರ್ಸಿಂಗ್‌ಗೆ ಹೋಗುವವರಿದ್ದಾರೆ. ಅಮೆರಿಕದಲ್ಲೂ ಅವಳಿ ಮಕ್ಕಳಿಬ್ಬರಿಗೆ ಮೊದಲು ಸೆರೆಬ್ರಲ್ ಪಾಲ್ಸಿ ಅಂದಿದ್ದರು. ಮೂರನೇ ಕಿಣ್ವವಾದ ಸೆಪಿಯಾಪ್ಟೆರಿನ್ ರಿಡಕ್ಟೇಸ್ ಕೆಟ್ಟಿದೆ ಅಂತ 2011ರಲ್ಲಿ ಪೂರ್ತಿ ಜೀನೋಮ್ ಓದಿದ ಮೇಲೆ ಗೊತ್ತಾಗಿ, 5-ಎಚ್‌ಟಿಪಿ ಸೇರಿಸಿದರು, ಇಬ್ಬರೂ ಮತ್ತಷ್ಟು ಚೇತರಿಸಿಕೊಂಡರು. ಮೂರೂ ಕಿಣ್ವದ ಕಥೆ ಒಂದೇ ದಿನ ಹೇಳ್ತೀನಿ.

ಹೊಳಲ್ಕೆರೆ_ಅಮ್ಮ

ಓದಿ ಮೇಡಂ. ಕಣ್ಣುಗುಡ್ಡೆಯ ವಿಷಯ ಮಾತ್ರ ಬಿಡದೆ ಹೇಳಿ.

ಭಟ್ಟಿಮನೆ_ದಾವಣಗೆರೆ

ಒಂದು ವಾರ ಈ ಕಡೆ ಬರೋಕೆ ಆಗಲಿಲ್ಲ, ಕ್ಷಮಿಸಿ. ಹರಿಹರ ರಸ್ತೆಯ ಅಣ್ಣನ ಕಾಳಜಿಗೂ ಶರಣು, ಆದರೆ ಮಾತ್ರೆ ಬದಲಿಸಲ್ಲ.

ಮೇಡಂ, ಮರಳಿನ ವಿಷಯ ಒಂದು ಸೇರಿಸ್ತೀನಿ. ನೀವು ಅದೇ ಮರಳು ಮತ್ತೆ ಬಾಣಲೆಗೆ ಅಂದಿರಿ. ನಿಜ, ಆದರೆ ದಿನವಿಡೀ ಕಾದು ತಿರುವಿ ಸ್ವಲ್ಪ ಸ್ವಲ್ಪವೇ ಪುಡಿಯಾಗಿ ಹೋಗುತ್ತೆ, ಮಂಡಕ್ಕಿಗೆ ಅಂಟಿಕೊಂಡೂ ಹೋಗುತ್ತೆ. ಹೊಸದು ಹಾಕ್ತಾನೇ ಇರಬೇಕು. ಹಾಕದಿದ್ದರೆ ಬೆಳಿಗ್ಗೆ ಚೆನ್ನಾಗಿ ಅರಳಿದ ಅಕ್ಕಿ ಸಂಜೆಯ ಹೊತ್ತಿಗೆ ಗಟ್ಟಿ ಉಳಿಯೋಕೆ ಶುರುವಾಗುತ್ತೆ. ಒಲೆ ಅದೇ, ಅಕ್ಕಿ ಅದೇ. ನೀವು ಬರೆದದ್ದನ್ನು ಭಟ್ಟಿ ಮುಂದೆ ನಿಂತು ಓದಿದೆ. ನನ್ನ ಮಗಳ ಸಂಜೆಗಳು ಹೀಗೇ ಇದ್ದವು ಅಂತ ಆಗ ಅನಿಸಿತು. ಮೂವತ್ತು ವರ್ಷದಿಂದ ಕಣ್ಣೆದುರಿಗೇ ಇತ್ತು.

ಬಿಎಚ್4 ಕೂಡ ಹೀಗೇ ಸವೆಯುತ್ತಾ?

ಅಮ್ಮನಿಗೆ ಹೇಳಿದೆ. ಭಾನುವಾರ ರಾತ್ರಿ, ರೊಟ್ಟಿ ಬಡೀತಾ ಕೂತಿದ್ದರು. ಕಾಲು ಹಾಗೇ ಮುಂದಕ್ಕಿತ್ತು. ಪಕ್ಕದಲ್ಲಿ ಕೂತು, ಮಗಳ ಕಾಯಿಲೆ ನನ್ನಿಂದ ಹೋಗಿದ್ದು, ನನಗೆ ನಿನ್ನಿಂದ ಬಂದಿರಬಹುದು, ನಿನ್ನ ಕಾಲೂ ಅದೇ ಇರಬಹುದು ಅಂದೆ. ಕೈಯಲ್ಲಿದ್ದ ಹಿಟ್ಟಿನ ಉಂಡೆ ತಿರುಗಿಸ್ತಾ ತುಂಬ ಹೊತ್ತು ಸುಮ್ಮನಿದ್ದರು. "ನಮ್ಮವ್ವಂದೂ ಹಿಂಗ ಇತ್ತು" ಅಂದರು. ಅದು ನನಗೆ ಗೊತ್ತೇ ಇರಲಿಲ್ಲ. ಅಜ್ಜಿ ಕೊನೆಗಾಲದಲ್ಲಿ ಕೋಲು ಹಿಡಿದದ್ದು ಬಿದ್ದು ಸೊಂಟ ಮುರಿದದ್ದಕ್ಕೆ ಅಂದುಕೊಂಡಿದ್ದೆ. ಬಿದ್ದದ್ದೂ ಸಂಜೆಯಂತೆ, ದನ ಕಟ್ಟೋ ಹೊತ್ತಿನಲ್ಲಿ.

ಆಮೇಲೆ ಅಮ್ಮ ಕೇಳಿದ್ದು, "ಹಂಗಾರೆ ಗ್ರಹಣದ್ದಲ್ಲ?" ಅಲ್ಲ ಅಂದೆ. ನನ್ನ ಹೆಂಡತಿ ಹೆಂಚಿನ ಮುಂದೆ ನಿಂತು ರೊಟ್ಟಿ ಸುಡ್ತಿದ್ದಳು, ತಿರುಗಿ ನೋಡಲಿಲ್ಲ. ಅವತ್ತು ಅಷ್ಟೇ. ಮಾರನೇ ಬೆಳಿಗ್ಗೆ ಕಾಫಿ ಕೊಡುವಾಗ ಅಮ್ಮ ಅವಳ ಕೈ ಹಿಡಿದುಕೊಂಡು, "ಬೆಂಗ್ಳೂರಿಗೆ ನೀನೂ ಬಾ. ನನಗ ಡಾಕ್ಟ್ರ ಮುಂದ ಹೇಳಾಕ ಬರಲ್ಲ, ನಿನಗ ಬರ್ತೈತಿ" ಅಂದರಂತೆ.

ಗುರುವಾರ ರಾತ್ರಿಯ ಬಸ್ಸಿಗೆ ನಾಲ್ಕು ಟಿಕೆಟ್ ಮಾಡಿಸಿದ್ದೇನೆ, ಚಿಕ್ಕವಳನ್ನೂ ಕರೆದುಕೊಂಡು ಹೋಗ್ತೀವಿ. ಈ ಸಲ ಅಪಾಯಿಂಟ್‌ಮೆಂಟ್ ಮಧ್ಯಾಹ್ನ ನಾಲ್ಕಕ್ಕೆ ಕೇಳಿ ತಗೊಂಡೆ. ಅಮ್ಮ ಅಂಗಳದಲ್ಲಿ ನಡೆಯುವ ವಿಡಿಯೋ ಬೆಳಿಗ್ಗೆ ಆರಕ್ಕೊಂದು, ಸಂಜೆ ಏಳಕ್ಕೊಂದು ಹೆಂಡತಿಯೇ ತೆಗೆದಿಟ್ಟಿದ್ದಾಳೆ. ಏನಾಯಿತು ಅಂತ ಬಂದ ಮೇಲೆ ಇಲ್ಲೇ ಬರೀತೀನಿ.

ದುರ್ಗದ_ಜೀವರಸಾಯನ

ಸವೆಯುತ್ತೆ ಅಣ್ಣಾ. ಮೆದುಳಿನ ಜೀವಕೋಶದೊಳಗೆ ಬಿಎಚ್4 ತಾಸುಗಳ ಲೆಕ್ಕದಲ್ಲಿ ಕರಗಿ ಹೋಗ್ತಾನೇ ಇರುತ್ತೆ, ಮತ್ತೆ ಕಾಯಿಸೋದರಿಂದ ಮಾತ್ರ ತೂಗಿಸೋಕೆ ಆಗಲ್ಲ, ಹೊಸದು ಬರ್ತಾನೇ ಇರಬೇಕು. ನನ್ನ ಹೋಲಿಕೆಯಲ್ಲಿ ಬಿಟ್ಟುಹೋಗಿದ್ದು ಅದೇ, ನೀವು ತುಂಬಿದಿರಿ. ಸಂಜೆಯ ವಿಡಿಯೋದಲ್ಲಿ ಅಮ್ಮನ ಪಾದ ಪೂರ್ತಿ ಕಾಣೋ ಹಾಗೆ ಇರಲಿ, ಸೀರೆಯ ನೆರಿಗೆ ಸ್ವಲ್ಪ ಎತ್ತಿ ಹಿಡಿಯೋಕೆ ಹೇಳಿ.